13 ಅಡಿ ಕ್ಯಾರವಾನ್ ಟ್ರೇಲರ್: 65 ದಾಟಿದರೆ ಹಿಂದೆ ಅಲ್ಲಾಡುತ್ತದೆ, ಏನು ಮಾಡಬೇಕು?

ನವನಗರ_ಗಾಲಿ (ಬಾಗಲಕೋಟೆ)

ನಮಸ್ಕಾರ್ರೀ. ಗಾಡಿ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾರವಾನ್ ಟ್ರೇಲರ್ ಬಗ್ಗೆ ತಿಳಿದವರು ಸ್ವಲ್ಪ ಹೇಳಬೇಕು. 13 ಅಡಿ ಉದ್ದ, ಒಂದೇ ಆಕ್ಸಲ್. ಖಾಲಿ ತೂಕ 750 ಕೆಜಿ, ಪ್ಲೇಟಿನ ಮೇಲೆ ಒಟ್ಟು ತೂಕ 1,000 ಕೆಜಿ ಎಂದಿದೆ. ಖಾಲಿ ಇದ್ದಾಗ ಹಿಚ್ (ಗಾಡಿಗೆ ಟ್ರೇಲರ್ ಕೂಡುವ ಕೊಂಡಿ) ಮೇಲೆ ಬೀಳುವ ಭಾರ 75 ಕೆಜಿ ಎಂದು ಕಂಪನಿ ಕಾಗದದಲ್ಲಿದೆ. ಕೊಂಡಿಯಲ್ಲಿ 50 ಎಂಎಂ ಬಾಲ್ (ಗುಂಡು), ಓವರ್‌ರನ್ ಬ್ರೇಕ್. ಎಳೆಯುವುದು ಡೀಸೆಲ್ ಎಸ್‌ಯುವಿ.

70 ಲೀಟರ್ ನೀರಿನ ಟ್ಯಾಂಕ್ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ. ತೀರಾ ಹಿಂದೆ, ಆಕ್ಸಲ್‌ನಿಂದ 2.2 ಮೀಟರ್ ದೂರದಲ್ಲಿ, ಸ್ಟ್ಯಾಂಡ್ ಮೇಲೆ ಎರಡು ಸೈಕಲ್; ಸ್ಟ್ಯಾಂಡ್ ಸೇರಿ 35 ಕೆಜಿ. ಬಾಲ್‌ನಿಂದ ಆಕ್ಸಲ್‌ಗೆ 3 ಮೀಟರ್. ವೇಗ 65 ದಾಟಿದರೆ ಟ್ರೇಲರ್ ಎಡಬಲಕ್ಕೆ ಅಲ್ಲಾಡುತ್ತದೆ. ಗಾಲಿ ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ.

ಇನ್ನೂ ಎರಡು ಪ್ರಶ್ನೆ. ಏಪ್ರಿಲ್, ಮೇ ಬಿಸಿಲಲ್ಲಿ ಹೊರಗೇ ನಿಲ್ಲಬೇಕಾದ ಗಾಡಿಗೆ ಏನೇನು ನೋಡಿಕೊಳ್ಳಬೇಕು? ಮೊದಲು ಬಾದಾಮಿ, ಪಟ್ಟದಕಲ್ಲು, ಆಮೇಲೆ ಡಿಸೆಂಬರಿನಲ್ಲಿ ಅಂಕೋಲಾ ಕಡೆ ಹೋಗುವ ವಿಚಾರವಿದೆ. ಹಾದಿ ಹೇಗೆ? ನಾವು ನಾಲ್ಕು ಮಂದಿ.

ಕಾಟಾ_ಮಾಸ್ತರ (ಮುಧೋಳ)

ನೀವು ಕೊಟ್ಟ ಅಳತೆಯಲ್ಲೇ ಉತ್ತರ ಇದೆ ಸರ್. ಎತ್ತಿನ ಗಾಡಿ ಹೇರುವವರು ಮುಂಭಾರ, ಹಿಂಭಾರ ಅಂತಾರಲ್ಲ, ಇದೂ ಅದೇ. ನಿಮ್ಮ ಟ್ರೇಲರ್ ಹಿಂಭಾರ ಆಗಿದೆ.

ಆಕ್ಸಲ್‌ ಹಿಂದಿನ ಭಾರವನ್ನು ಅದು ಇರುವ ದೂರದಿಂದ ಗುಣಿಸಿ, 3 ಮೀಟರಿನಿಂದ ಭಾಗಿಸಿದರೆ ಹಿಚ್ ಮೇಲಿನ ಭಾರ ಎಷ್ಟು ಕಡಿಮೆಯಾಯಿತು ಎಂದು ಸಿಗುತ್ತದೆ. ನೀರು: 70 × 1.2 ÷ 3 = 28 ಕೆಜಿ. ಸೈಕಲ್: 35 × 2.2 ÷ 3 = ಸುಮಾರು 26 ಕೆಜಿ. ಎರಡೂ ಸೇರಿ 54 ಕೆಜಿ ಮೇಲಕ್ಕೆ ಎತ್ತುತ್ತಿವೆ. 75ರಲ್ಲಿ 54 ಹೋದರೆ ಉಳಿದದ್ದು 21 ಕೆಜಿ, ಅಂದರೆ ಒಟ್ಟು ತೂಕದ ಶೇ. 2 ಅಷ್ಟೇ. ಶೇ. 7ರಿಂದ 10 ಇರಬೇಕು. ನಿಮಗೆ 70ರಿಂದ 100 ಕೆಜಿ. ಮೇಲಿನ ಮಿತಿಯನ್ನು ನಿಮ್ಮ ಹಿಚ್ ಮತ್ತು ಕಪ್ಲರ್ (ಬಾಲ್ ಮೇಲೆ ಕೂಡುವ ಟ್ರೇಲರ್ ಮೂತಿ) ಪ್ಲೇಟ್ ಹೇಳುತ್ತವೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

ಸೈಕಲ್‌ಗಳನ್ನು ಎಸ್‌ಯುವಿ ಮೇಲಿನ ಕ್ಯಾರಿಯರ್‌ಗೆ ಹಾಕಿ. ಹಾದಿಯಲ್ಲಿ ಟ್ಯಾಂಕ್ ಖಾಲಿ ಇರಲಿ. ಕೈಕಾಲು ತೊಳೆಯಲು 10–15 ಲೀಟರ್ ಕ್ಯಾನ್ ಸಾಕು, ಉಳಿದದ್ದನ್ನು ಮುಟ್ಟಿದ ಊರಲ್ಲಿ ತುಂಬಿಕೊಳ್ಳಿ. ಅರ್ಧ ತುಂಬಿದ ಟ್ಯಾಂಕಂತೂ ಬೇಡವೇ ಬೇಡ. ಒಳಗೆ ನೀರು ತುಳುಕಾಡಿ ಅಲುಗಾಟ ಇನ್ನೂ ಹೆಚ್ಚುತ್ತದೆ. ಅಕ್ಕಿ, ಪಾತ್ರೆ, ಹಾಸಿಗೆಯಂಥ ಭಾರದ ಸಾಮಾನು ಆಕ್ಸಲ್ ಮೇಲೆ ಅಥವಾ ತುಸು ಮುಂದೆ ನೆಲಕ್ಕೇ ಇರಲಿ. ಮೇಲಿನ ಕಪಾಟಿನಲ್ಲಿ ಬಟ್ಟೆ ಮಾತ್ರ.

ಹಿಚ್ ಭಾರ ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಟ್ರೇಲರನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಎರಡೂ ಗಾಲಿಗೆ ಹಿಂದೆ ಮುಂದೆ ಅಡ್ಡಗಟ್ಟಿಗೆ ಕೊಡಿ. ಬಾಲ್ ಎತ್ತರಕ್ಕೆ ಹೊಂದುವಂತೆ ಕೊಯ್ದ ಗಟ್ಟಿ ಕಟ್ಟಿಗೆ ತುಂಡನ್ನು ಯಂತ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಕಪ್ಲರ್ ಕೂಡಿಸಿ, ಮುಂದಿನ ಸಣ್ಣ ಗಾಲಿಯನ್ನು ಮೇಲೆತ್ತಿ. ಪ್ರವಾಸಕ್ಕೆ ಹೊರಟಂತೆ ಎಲ್ಲಾ ಸಾಮಾನು ಹೇರಿದ ಮೇಲೇ ಅಳೆಯಬೇಕು. ಖಾಲಿ ಅಳೆದರೆ ಏನೂ ತಿಳಿಯುವುದಿಲ್ಲ.

ಒಟ್ಟು ತೂಕಕ್ಕೆ ಲಾರಿ ತೂಗುವ ಕಾಟಾ ಮೇಲೆ ಹೋಗಿ. ನಮ್ಮ ಜಿಲ್ಲೆಯಲ್ಲಿ ಕಾಟಾಗಳಿಗೆ ಬರವಿಲ್ಲ. ಗಾಡಿಗೆ ಕಟ್ಟಿದಂತೆಯೇ ಟ್ರೇಲರ್ ಗಾಲಿಗಳಷ್ಟೇ ಪ್ಲೇಟಿನ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿ, ಅದಕ್ಕೆ ಹಿಚ್ ಭಾರ ಕೂಡಿಸಿ. 750ಕ್ಕೆ ನೀರು 70, ಸೈಕಲ್ 35 ಸೇರಿದರೆ 855. ಬ್ಯಾಟರಿ, ಸಿಲಿಂಡರ್, ಹಾಸಿಗೆ, ಪಾತ್ರೆ, ಬಟ್ಟೆ ಎಲ್ಲಕ್ಕೂ ಉಳಿಯುವುದು 145 ಕೆಜಿ. ನಾಲ್ಕು ಮಂದಿಯ ಸಾಮಾನಿಗೆ ಅದು ಬೇಗ ಮುಗಿಯುತ್ತದೆ.

ಇಷ್ಟು ಮಾಡಿದ ಮೇಲೂ ಎಂದಾದರೂ ಅಲ್ಲಾಡಲು ಶುರುವಾದರೆ ಬ್ರೇಕ್ ಒದೆಯಬೇಡಿ, ಸ್ಟೀರಿಂಗ್ ಎಡಬಲಕ್ಕೆ ತಿರುಗಿಸಿ ಸರಿಮಾಡಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ತಾನೇ ನಿಧಾನವಾಗಲು ಬಿಡಿ. ವೇಗ ಹೆಚ್ಚಿಸಿ ಎಳೆದರೆ ನೆಟ್ಟಗಾಗುತ್ತದೆ ಎನ್ನುವವರ ಮಾತು ಕೇಳಬೇಡಿ, ಗಾಡಿ ಮಗುಚುವುದು ಹಾಗೆಯೇ.

ಗ್ರೀಸ್_ಗನ್ (ವಿಜಯಪುರ)

ಮೇಲಿನವರು ತೂಕದ್ದು ಪೂರ್ತಿ ಹೇಳಿದ್ದಾರೆ. ನಾನು ಬಿಸಿಲು ಮತ್ತು ಗಾಲಿ ಬಗ್ಗೆ ಬರೆಯುತ್ತೇನೆ.

ಟೈರ್ ಗೋಡೆಯ ಮೇಲಿನ ಲೋಡ್ ಇಂಡೆಕ್ಸ್ ಓದಿ. 84 ಎಂದರೆ ಒಂದು ಟೈರಿಗೆ ಸರಿಯಾಗಿ 500 ಕೆಜಿ. ಎರಡು ಸೇರಿ 1,000, ಉಳಿಕೆ ಏನೂ ಇಲ್ಲ. 94 ಇದ್ದರೆ 670 ಕೆಜಿ, ಅದು ಒಳ್ಳೆಯದು. ತಯಾರಾದ ದಿನ ನಾಲ್ಕು ಅಂಕಿಯಲ್ಲಿರುತ್ತದೆ: 2322 ಎಂದರೆ 2022ರ 23ನೇ ವಾರ. ಟ್ರೇಲರ್ ಟೈರ್ ಸವೆದು ಹೋಗುವುದಕ್ಕಿಂತ ನಿಂತು ಒಣಗಿ ಸೀಳುವುದೇ ಹೆಚ್ಚು. ಐದಾರು ವರ್ಷವಾದ ಮೇಲೆ ನೆಲಕ್ಕೆ ತಾಗುವ ಪಟ್ಟಿ ಹೊಸದರ ಹಾಗೆ ಕಂಡರೂ ಬದಲಿಸಿ, ಸ್ಟೆಪ್ನಿಗೂ ಅದೇ ಲೆಕ್ಕ. ಹೊರಗೆ ನಿಂತಾಗ ಟೈರಿಗೆ ಬಿಸಿಲು ತಾಗದಂತೆ ಬಿಳಿ ಬಟ್ಟೆ ಅಥವಾ ಹಲಗೆ ಮರೆಮಾಡಿ. ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಬೇಕು. ಮಧ್ಯಾಹ್ನ ಓಡಿಸಿದ ಮೇಲೆ ಹೆಚ್ಚು ತೋರಿಸಿತೆಂದು ಬಿಟ್ಟರೆ, ಸಂಜೆ ಕಡಿಮೆ ಗಾಳಿಯಲ್ಲಿ ಓಡುತ್ತೀರಿ. ಟೈರ್ ಸಿಡಿಯುವುದಕ್ಕೆ ಅದೇ ದೊಡ್ಡ ಕಾರಣ.

ಬೇರಿಂಗ್ ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಗ್ರೀಸ್ ತುಂಬಿ, ಗಾಡಿ ಓಡಿರಲಿ ಬಿಡಲಿ. ಗ್ರೀಸ್ ರೋಲರ್‌ಗಳ ನಡುವೆ ಪೂರ್ತಿ ಹೊಗಬೇಕು. ಹಬ್ ಒಳಗಿನ ಖಾಲಿ ಜಾಗಕ್ಕೆ ಮಾತ್ರ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಒತ್ತಿ ತುಂಬಿದರೆ ಬಿಸಿಯಾಗಿ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬರುತ್ತದೆ. ಟೇಪರ್ ಬೇರಿಂಗ್ ಇದ್ದರೆ ಗಾಲಿ ತಿರುಗಿಸುತ್ತ ನಟ್ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಕೈಬೆರಳ ಬಿಗಿಗೆ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಸೀಲ್ಡ್ ಬೇರಿಂಗ್ ಇದ್ದರೆ ಇದು ಯಾವುದೂ ಬೇಡ, ಸದ್ದು ಬಂದಾಗ ಬದಲಿಸುವುದೇ. ಗಾಲಿ ಬಿಚ್ಚಿ ಹಾಕಿದ ಮೇಲೆ 80–100 ಕಿಮೀ ಓಡಿಸಿ ನಟ್‌ಗಳನ್ನು ಮತ್ತೆ ಬಿಗಿ ಮಾಡಿ. ಹಾದಿಯಲ್ಲಿ ಚಹಾಕ್ಕೆ ನಿಂತಾಗಲೆಲ್ಲ ಎರಡೂ ಹಬ್ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಇನ್ನೊಂದಕ್ಕಿಂತ ತೀರಾ ಬಿಸಿ ಇದ್ದರೆ ಆ ಕಡೆ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಶೂ ಹಿಡಿದಿದೆ.

ಹೌದು, ತಿಂಗಳುಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ಶೂ ಡ್ರಮ್‌ಗೆ ತುಕ್ಕು ಹಿಡಿದು ಅಂಟುತ್ತದೆ. ಗಾಲಿಗೆ ಅಡ್ಡಗಟ್ಟಿಗೆ ಸಾಕು.

ಮಾಳಿಗೆಯ ಕೂಡು ಪಟ್ಟಿಗಳು ಬೇಸಿಗೆಯಲ್ಲಿ ಬಿರುಕು ಬಿಡುತ್ತವೆ, ಮಿರ್ಗದ ಮಳೆಗೆ ಸೋರುತ್ತವೆ. ಮೇ ಕೊನೆಯ ವಾರ ಮೇಲೆ ಏಣಿ ಹಾಕಿ ನೋಡಿ. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಬೇಡ, ಅದರ ಮೇಲೆ ಮುಂದೆ ಯಾವುದೂ ಕೂಡುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ಬ್ಯೂಟೈಲ್ ಟೇಪ್ ಅಥವಾ ಪಾಲಿಯುರಿಥೇನ್ ಸೀಲೆಂಟ್ ಹಚ್ಚಿ.

ಕೃಷ್ಣಾತೀರ (ಜಮಖಂಡಿ)

ಅಣ್ಣಾರ, ಹಾದಿ ವಿಚಾರ ನಾ ಹೇಳ್ತೀನ್ರಿ. ಡಿಸೆಂಬರ್ ಅಂದ್ರ ಕಬ್ಬಿನ ಸೀಜನ್ ಜೋರು ಇರ್ತೈತಿ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲಿ. ಭಾಳ ಟ್ರೇಲಿಗೆ ಹಿಂದ ಲೈಟ್ ಇರೂದಿಲ್ಲ, ಕಬ್ಬು ಎರಡೂ ಕಡೆ ಚಾಚಿರ್ತೈತಿ. ಟ್ರೇಲರ್ ಕಟ್ಟಿದ ನಿಮ್ಮ ಗಾಡಿ ಬ್ರೇಕ್ ಹಾಕಿದ ಕೂಡ್ಲೆ ನಿಲ್ಲೂದಿಲ್ಲ. ಅದಕ್ಕ ಹೊತ್ತು ಮುಳುಗಿದ ಮ್ಯಾಲೆ ಈ ಹಾದ್ಯಾಗ ಬ್ಯಾಡ್ರಿ. ಓವರ್‌ಟೇಕ್ ಮಾಡಿದ್ರ ನಿಮ್ಮ ಟ್ರೇಲರ್ ಬಾಲ ಪೂರಾ ದಾಟಿದ್ದು ಕನ್ನಡ್ಯಾಗ ಕಂಡ ಮ್ಯಾಲೇ ಎಡಕ್ಕ ಬರ್ರಿ.

ಅಂಕೋಲಾಕ್ಕ ಎನ್‌ಎಚ್ 52 ಹಿಡೀರಿ: ಗದ್ದನಕೇರಿ ಕ್ರಾಸ್, ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ. ಆಮ್ಯಾಲೆ ಅರಬೈಲ್ ಘಾಟ್. ಇಳಿಯೂಕಿಂತ ಮೊದಲೇ ಎರಡನೇ ಗೇರಿಗೆ ಬರ್ರಿ. ಓವರ್‌ರನ್ ಬ್ರೇಕ್ ಅಂದ್ರ ಟ್ರೇಲರ್ ಮುಂದಿನ ಗಾಡೀನ ದಬ್ಬಿದಾಗ ತಾನ ಹಿಡಿಯೂ ಬ್ರೇಕ್. ಇಳಿಜಾರಿನ್ಯಾಗ ಅದು ಒಂದ ಸಮ ದಬ್ಬತೈತಿ, ಒಂದ ಸಮ ಬ್ರೇಕ್ ಹಿಡಿದು ಡ್ರಮ್ ಕಾಯ್ತೈತಿ. ಸುಟ್ಟ ವಾಸನಿ ಬಂದ್ರ ಅಗಲ ಜಾಗ ನೋಡಿ ನಿಂದ್ರಸ್ರಿ, ಗಾಲಿಗೆ ಅಡ್ಡ ಕೊಟ್ಟು ಆರಾಕ ಬಿಡ್ರಿ. ಡ್ರಮ್ ಮ್ಯಾಲೆ ನೀರು ಹೊಡೀಬ್ಯಾಡ್ರಿ, ಸೀಳತೈತಿ.

ವಿಜಯಪುರ ಕಡೆ ಹೋಗೂದಿದ್ರ ಕೊಲ್ಹಾರ ಸೇತುವಿ ಮ್ಯಾಲೆ ಅಡ್ಡಗಾಳಿ ಇರ್ತೈತಿ, ಅದೂ ಜೂನ್-ಜುಲೈದಾಗ ಭಾಳ. 50ರ ಒಳಗ ಹೋಗ್ರಿ.

ಬಾದಾಮಿ ಊರೊಳಗ, ಅಗಸ್ತ್ಯತೀರ್ಥದ ಕಡೆ ಓಣಿ ಸಣ್ಣವು, ಟ್ರೇಲರ್ ತಿರಗೂದಿಲ್ಲ. ಊರ ಹೊರಗ ಒಪ್ಪಿಗಿ ಕೇಳಿ ಒಂದು ಕಡೆ ನಿಂದ್ರಿಸಿ, ಪಟ್ಟದಕಲ್ಲು 22 ಕಿಮೀ ಅಷ್ಟ, ಬರೀ ಗಾಡಿ ತಗೊಂಡು ನೋಡಿ ಬರ್ರಿ. ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿ. ಆ ದಿನಗಳಾಗ ಆ ಕಡೆ ಹಾಯಬ್ಯಾಡ್ರಿ.

ಮತ್ತೊಂದು ಮಾತು: ಎರಿ (ಕಪ್ಪು ಮಣ್ಣಿನ) ಹೊಲದಾಗ ನಿಂದ್ರಸಬ್ಯಾಡ್ರಿ. ಒಣಗಿದಾಗ ಕಲ್ಲಿನಂಗ ಇರ್ತೈತಿ, ರಾತ್ರಿ ಒಂದು ಮಳಿ ಆದ್ರ ಬೆಳಿಗ್ಗಿ ಗಾಲಿ ಅರ್ಧ ಒಳಗ. ಮಸಾರಿ (ಕೆಂಪು ಮಣ್ಣು) ಇಲ್ಲಾ ಗರಸಿನ ನೆಲ ನೋಡ್ರಿ. ನಾಕೂ ಮೂಲಿ ಕಾಲಿನ ಕೆಳಗ ಒಂದಡಿ ಚೌಕದ, ಎರಡಿಂಚು ದಪ್ಪ ಹಲಗಿ ಇಡ್ರಿ. ಆ ಕಾಲು ಗಾಡಿ ಅಲ್ಲಾಡದಂಗ ಹಿಡಿಯಾಕ ಅಷ್ಟ, ಜಾಕ್ ಅಲ್ಲ. ಅದರಿಂದ ಗಾಡಿ ಎತ್ತಿದ್ರ ಚಾಸಿ ಬಾಗತೈತಿ. ಅಡ್ಡ ಮಟ್ಟ ಮೊದಲು, ತಗ್ಗಿನ ಗಾಲಿ ಕೆಳಗ ಹಲಗಿ ಹಾಕಿ ಏರಿಸ್ರಿ. ಅಡ್ಡಗಟ್ಟಿಗಿ ಕೊಟ್ಟು, ಗಾಡಿ ಬಿಚ್ಚಿ, ಉದ್ದ ಮಟ್ಟ ಮುಂದಿನ ಸಣ್ಣ ಗಾಲಿಯಿಂದ ಮಾಡ್ರಿ. ಕಡೀಕ ಮೂಲಿ ಕಾಲು ಇಳಸ್ರಿ.

ನವನಗರ_ಗಾಲಿ

ಎಲ್ಲರಿಗೂ ಶರಣ್ರೀ. ಸೈಕಲ್ ಇಳಿಸಿ, ಟ್ಯಾಂಕ್ ಖಾಲಿ ಮಾಡಿ, ಸಾಮಾನು ಹೇರಿ ಅಳೆದಾಗ ಹಿಚ್ ಮೇಲೆ 72 ಕೆಜಿ ಬಂದಿದೆ. ಇನ್ನು ಬ್ಯಾಟರಿ ಕೂಡಿಸಬೇಕು. ಕಡಿಮೆ ಕರೆಂಟ್ ಎಳೆಯುವ ಎರಡು ಬಿಎಲ್‌ಡಿಸಿ ಫ್ಯಾನ್, 40 ಲೀಟರಿನ 12 ವೋಲ್ಟ್ ಫ್ರಿಜ್ ಇದೆ. ಒಂದು ಟನ್ ಎಸಿ ಕೂಡಿಸಬಹುದೇ? ಹಾಗೆಯೇ ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಮಂಕಾಗಿ ಮಿನುಗುತ್ತವೆ.

ಕಾಟಾ_ಮಾಸ್ತರ (ಮುಧೋಳ)

ದೀಪದ್ದು ಅರ್ಥಿಂಗ್ ತೊಂದರೆ. 7 ಪಿನ್ ಪ್ಲಗ್‌ನಲ್ಲಿ 3ನೇ ಪಿನ್, ಬಿಳಿ ವೈರ್. ಅದು ಸಡಿಲವಾದರೆ ಕರೆಂಟ್ ಬೇರೆ ಬಲ್ಬುಗಳ ಮೂಲಕ ದಾರಿ ಹುಡುಕುತ್ತದೆ, ಅದಕ್ಕೇ ಎಲ್ಲ ಒಟ್ಟಿಗೆ ಮಿನುಗುತ್ತವೆ. ಪಿನ್ ಉಜ್ಜಿ, ಸ್ಕ್ರೂ ಬಿಗಿ ಮಾಡಿ, ಚಾಸಿಗೆ ಕೂಡುವಲ್ಲಿ ಬಣ್ಣ ಕೆರೆದು ಹಾಕಿ. ಉಳಿದ ಪಿನ್: 1 ಹಳದಿ ಎಡ ಇಂಡಿಕೇಟರ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಟೇಲ್, 6 ಕೆಂಪು ಬ್ರೇಕ್, 7 ಕಪ್ಪು ಎಡ ಟೇಲ್.

ಕರೆಂಟ್ ಲೆಕ್ಕ: 28 ವ್ಯಾಟ್‌ನ ಎರಡು ಫ್ಯಾನ್ 8 ತಾಸಿಗೆ 448 ವ್ಯಾಟ್-ಅವರ್. ಫ್ರಿಜ್‌ಗೆ ನಮ್ಮ ಬೇಸಿಗೆಯಲ್ಲಿ ದಿನಕ್ಕೆ 550 ಹಿಡಿಯಿರಿ. ದೀಪ, ಮೊಬೈಲ್ ಸೇರಿ ಸುಮಾರು 1,050. 12 ವೋಲ್ಟಿನ ಲೆಡ್ ಬ್ಯಾಟರಿ 100 ಎಎಚ್ (ಆಂಪ್-ಅವರ್, ಅಂದರೆ 1,200 ವ್ಯಾಟ್-ಅವರ್) ಇದ್ದರೆ ಬಾಳಿಕೆಗಾಗಿ ಅರ್ಧವಷ್ಟೇ ಬಳಸಬೇಕು, ಸಿಗುವುದು 600. 100 ಎಎಚ್ ಲಿಥಿಯಂ ಫಾಸ್ಫೇಟ್‌ನಲ್ಲಿ ಸಾವಿರದಷ್ಟು ಸಿಗುತ್ತದೆ, ತೂಕವೂ ಅರ್ಧಕ್ಕಿಂತ ಕಡಿಮೆ. 200 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ 700 ಕೊಡುತ್ತದೆ. ದಿನಕ್ಕೆ 350 ಕೊರತೆ, ಅಂದರೆ ಮೂರು ದಿನ ನಿಂತಲ್ಲೇ ಇರಬಹುದು. ಓಡುವಾಗ ಗಾಡಿಯಿಂದ ಚಾರ್ಜ್ ಮಾಡಲು ಡಿಸಿ-ಡಿಸಿ ಚಾರ್ಜರ್ ಹಾಕಿ, 10 ಚದರ ಎಂಎಂ ಕೇಬಲ್ ಎಳೆಯಿರಿ. 2.5ರ ವೈರಿನಲ್ಲಿ 7 ಮೀಟರ್ ದೂರಕ್ಕೆ 20 ಆಂಪ್ ಕಳಿಸಿದರೆ ಹೆಚ್ಚುಕಡಿಮೆ 2 ವೋಲ್ಟ್ ಹಾದಿಯಲ್ಲೇ ಹೋಗುತ್ತದೆ.

ಎಸಿ ಬ್ಯಾಟರಿ ಮೇಲೆ ಬೇಡ. ಒಂದು ಟನ್ನಿಗೆ ಸಾವಿರ ವ್ಯಾಟ್ ಹಿಡಿದರೂ ಆ ಬ್ಯಾಟರಿ ಒಂದು ತಾಸು ಬರುವುದಿಲ್ಲ. ಲಾಡ್ಜ್ ಆವರಣದಲ್ಲಿ ಅರ್ಥಿಂಗ್ ಇರುವ 16 ಆಂಪ್ ಪಾಯಿಂಟ್ ಸಿಕ್ಕಾಗ ಮಾತ್ರ ನಡೆಸಿ; ಟ್ರೇಲರ್ ಒಳಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇರಲೇಬೇಕು.

ಅಡುಗೆಗೆ 5 ಕೆಜಿ ಸಿಲಿಂಡರ್ ಸಾಕು. ಓಡುವಾಗ ವಾಲ್ವ್ ಬಂದ್. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಕೂಡುತ್ತದೆ; ಕೆಳಗಿನ ಗಾಳಿಕಿಂಡಿಯನ್ನು ಇರುವೆ, ಧೂಳು ಎಂದು ಮುಚ್ಚಬೇಡಿ.

ಬ್ಯಾಟರಿಯನ್ನು ಮುಂದಿನ ಪೆಟ್ಟಿಗೆಯಲ್ಲಿ, ಆಕ್ಸಲ್‌ನಿಂದ 2.4 ಮೀಟರ್ ಮುಂದೆ ಕೂಡಿಸಿದರೆ 12 ಕೆಜಿ ಲಿಥಿಯಂ ಹಿಚ್‌ಗೆ ಸುಮಾರು 10 ಕೆಜಿ ಸೇರಿಸುತ್ತದೆ. 72 ಹೋಗಿ 82 ಆಗುತ್ತದೆ. ಹಿಚ್ ಪ್ಲೇಟ್ ಮೇಲೆ 75 ಎಂದಿದ್ದರೆ ಅಲ್ಲಿ ಬೇಡ, ಆಕ್ಸಲ್ ಹತ್ತಿರ ಸೀಟಿನ ಕೆಳಗೆ ಇಡಿ. ಪ್ಲೇಟ್ ನೋಡಿ ತಿಳಿಸಿರಿ.