ನಾಟಿ ಕೋಳಿಗೆ ಹುಳದ ಔಷಧಿ ಕುಡಿಸಿದ್ರೂ ಸೊರಗ್ತಾನೇ ಇದಾವೆ, ಏನ್ ಮಾಡ್ಲಿ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ):
ನಮಸ್ಕಾರ, ಮನೇಲಿ 22 ನಾಟಿ ಕೋಳಿ ಇದಾವೆ. ಬೆಳಿಗ್ಗೆ ಗೂಡು ತೆಗೆದ್ರೆ ಕಾಫಿ ತೋಟ, ಕೊಟ್ಟಿಗೆ ಹಿಂದಿನ ತಿಪ್ಪೆ ಅಂತ ಕೆದಕ್ತಾ ಇರ್ತಾವೆ, ಸಂಜೆ ಒಂದ್ ಹಿಡಿ ಭತ್ತ ಹಾಕ್ತೀವಿ ಅಷ್ಟೆ. ಮಳೆ ಹಿಡಿದ್ಮೇಲೆ ಹೇಂಟೆಗಳು ಒಂದೊಂದೇ ಸೊರಗ್ತಾ ಬಂದ್ವು, ಮೇವೇನೋ ತಿಂತಾವೆ ಆದ್ರೆ ಎತ್ತಿಕೊಂಡ್ರೆ ಎದೆಮೂಳೆ ಕೈಗೆ ಚುಚ್ಚುತ್ತೆ, ಜುಟ್ಟು ಬಿಳಚ್ಕೊಂಡಿದೆ, ಮೊಟ್ಟೆನೂ ನಿಂತಿದೆ. ಪಿಪರಜಿನ್ ಅನ್ನೋ ಹುಳದ ಔಷಧಿ ತಂದು ನೀರಲ್ಲಿ ಕೊಟ್ಟು 15 ದಿನ ಆಯ್ತು, ಏನೂ ವ್ಯತ್ಯಾಸ ಇಲ್ಲ. ನಿನ್ನೆ ಅಮ್ಮನ ಪ್ರೀತಿಯ ಹೇಂಟೆ ಕೆಂಚಿ ಸತ್ತೋಯ್ತು, ಅಮ್ಮ ಊಟಾನೇ ಮಾಡ್ಲಿಲ್ಲ.

ಬೇಲೂರಿಂದ:
ಅಕ್ಕ, ಕತ್ತು ತಿರುಚೋದು, ಹಸಿರು ಭೇದಿ ಇದ್ಯಾ? ಇದ್ರೆ ಕೊಕ್ಕರೆ ರೋಗದ ಅನುಮಾನ, ತಕ್ಷಣ ಡಾಕ್ಟ್ರಿಗೆ ಹೇಳಿ. ಹಿಕ್ಕೇಲಿ ರಕ್ತ ಇದ್ರೆ ರಕ್ತಭೇದಿ ಇರಬಹುದು, ಅದಕ್ಕೆ ಹುಳದ ಔಷಧಿ ನಾಟಲ್ಲ. ಎರಡೂ ಇಲ್ದಿದ್ರೆ ಬೆಳಿಗ್ಗೆ ಗೂಡಲ್ಲಿರೋ ಹಸಿ ಹಿಕ್ಕೆ ಕಡ್ಡೀಲಿ ಬಿಡಿಸಿ ನೋಡಿ.

ಮೂಡಿಗೆರೆ:
ಕತ್ತು ಸರಿ ಇದೆ, ರಕ್ತನೂ ಇಲ್ಲ. ಹಿಕ್ಕೇಲಿ ಅಕ್ಕಿ ನುಚ್ಚಿನ ಥರ ಬಿಳಿ ಚೂರು ಇದಾವೆ, ಒಂದೆರಡು ಮೆಲ್ಲಗೆ ಅಲ್ಲಾಡ್ತಿದ್ವು!

ಬೇಲೂರಿಂದ:
ಹಂಗಾದ್ರೆ ಲಾಡಿಹುಳ, ಆ ಚೂರುಗಳು ಅದರ ತುಂಡು, ತಲೆ ಒಳಗೆ ಕರುಳು ಕಚ್ಕೊಂಡಿರುತ್ತೆ. ಪಿಪರಜಿನ್ ಕೆಲಸ ಮಾಡೋದು ದಾರದ ಥರ ಉದ್ದ ಇರೋ ದುಂಡುಹುಳದ ಮೇಲೆ, ಅದೂ ಬೆಳೆದವುಗಳ ಮೇಲೆ ಮಾತ್ರ, ಲಾಡಿಹುಳಕ್ಕೆ ಅದು ನಾಟಲ್ಲ. ಇದಕ್ಕೆ ಪ್ರಾಜಿಕ್ವಾಂಟೆಲ್ ಅನ್ನೋ ಔಷಧಿ ಬೇಕು. ಅಂದಾಜಲ್ಲಿ ಕೊಡ್ಬೇಡಿ, ಒಂದೆರಡು ಕೋಳಿ ತೂಕ ಹಾಕಿ ಪಶು ಆಸ್ಪತ್ರೇಲಿ ಪ್ರಮಾಣ ಬರೆಸ್ಕೊಳ್ಳಿ, ಎಷ್ಟು ದಿನ ಮೊಟ್ಟೆ ತಿನ್ಬಾರ್ದು ಅಂತಾನೂ ಕೇಳಿ. ಹಿಕ್ಕೆ ಸ್ಯಾಂಪಲ್ ಒಂದು ಡಬ್ಬೀಲಿ ಒಯ್ದ್ರೆ ಇನ್ನೂ ಒಳ್ಳೇದು, ದುಂಡುಹುಳನೂ ಜೊತೆಗೆ ಇರೋದು ಸಾಮಾನ್ಯ.

ಸಕಲೇಶಪುರದಿಂದ:
ನಮ್ಮಲ್ಲೂ ಇದೇ ಆಗಿತ್ತು ಅಕ್ಕ. ಲಾಡಿಹುಳ ಕೋಳಿಯಿಂದ ಕೋಳಿಗೆ ನೇರ ಬರಲ್ಲ, ಹಿಕ್ಕೇಲಿರೋ ಲಾಡಿಹುಳದ ಮೊಟ್ಟೆನ ಇರುವೆ, ಸಗಣಿ ಹುಳ ತಿಂತಾವೆ, ಆ ಇರುವೆ, ಸಗಣಿ ಹುಳನ ಕೋಳಿ ಹೆಕ್ಕುತ್ತೆ. ತಿರುಗಾಡೋ ಕೋಳೀನ ಕಟ್ಟಿಹಾಕಕ್ಕಾಗಲ್ಲ, ಆದ್ರೆ ಗೂಡಿನ ಹಿಕ್ಕೆ ದಿನಾ ಬಾಚಿ ಕೋಳಿ ಹೋಗದ ಗುಂಡಿಗೆ ಹಾಕಿ, ನೆಲಕ್ಕೆ ಸುಣ್ಣ ಹೊಡೆದು ಒಣಗಿಸಿ, ಮರಿಗಳನ್ನ ತಿಪ್ಪೆ ಕಡೆ ಬಿಡ್ಬೇಡಿ, ಹುಳ ಅವಕ್ಕೇ ಜಾಸ್ತಿ ಹೊಡೆತ.

ಮೂಡಿಗೆರೆ (3 ವಾರ ಆದ್ಮೇಲೆ):
ಡಾಕ್ಟ್ರು ಹಿಕ್ಕೆ ನೋಡಿ ಎರಡೂ ಹುಳ ಇದೆ ಅಂದ್ರು, ಬೇರೆ ಬೇರೆ ಔಷಧಿ ಕೊಟ್ರು. ಬಿಳಿ ಚೂರು ಕಾಣ್ತಿಲ್ಲ, ಜುಟ್ಟು ಕೆಂಪಾಗ್ತಿದೆ. ಕೆಂಚಿಯ 6 ಮರಿಗಳನ್ನ ಅಮ್ಮ ಅಂಗಳದಲ್ಲಿ ಬಲೆ ಕಟ್ಟಿ ಒಳಗೆ ಬಿಟ್ಟಿದಾರೆ, ನುಚ್ಚು ಹಾಕಿ ಅಲ್ಲೇ ಕೂತಿರ್ತಾರೆ.