ಮೆಣಸಿನ ಸಸಿಯ ಎಲೆ ಕೆಳಕ್ಕೆ ಮುದುರುತ್ತಿದೆ: ನುಸಿಯೇ, ರೋಗವೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ತಾರಸಿಯಲ್ಲಿ ಪ್ರೋ-ಟ್ರೇಗಳಲ್ಲಿ (ಸಸಿ ಬೆಳೆಸುವ ಗುಳಿಗಳುಳ್ಳ ತಟ್ಟೆಗಳಲ್ಲಿ) ಮೆಣಸಿನಕಾಯಿ ಮತ್ತು ಈರನಗೆರೆ ಬದನೆಯ ಸಸಿಗಳನ್ನು ಬೆಳೆಸುತ್ತಿದ್ದೇನೆ. ಬಿಸಿಲು ಏರುತ್ತಿದ್ದಂತೆ ಮೆಣಸಿನ ಚಿಗುರೆಲೆಗಳು ಬೋರಲು ಹಾಕಿದ ದೋಣಿಯಂತೆ ಕೆಳಮುಖವಾಗಿ ಮುದುರಿದ್ದು, ತೊಟ್ಟುಗಳು ನೀಳವಾಗಿವೆ. ಬದನೆಯ ಎಲೆಗಳಲ್ಲಿ ಬಿಳಿಚುಕ್ಕೆಗಳೂ ಅಡಿಭಾಗದಲ್ಲಿ ತೆಳುವಾದ ಬಲೆಯೂ ಕಾಣುತ್ತಿವೆ. ಅಂಗಡಿಯವರು ಕೊಟ್ಟ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಸಿಂಪಡಿಸಿದ ಮೇಲೂ ಬಾಧೆ ತಗ್ಗಿಲ್ಲ. ಏನು ಮಾಡಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ (ಮಂಡ್ಯ):
ಮೇಡಂ, ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಎರಡು ಬಗೆಯ ನುಸಿಗಳಿವೆ. ಬದನೆಯಲ್ಲಿ ಬಲೆ ಕಟ್ಟಿರುವುದು ಜೇಡ ನುಸಿ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದರೆ ಚುಕ್ಕೆಗಳು ಹರಿದಾಡುವುದು ಕಾಣುತ್ತದೆ. ಮೆಣಸಿನ ಚಿಗುರಿನಲ್ಲಿರುವುದು ಹಳದಿ ನುಸಿ, ಸುಮಾರು 0.2 ಮಿಲಿಮೀಟರಿನಷ್ಟೇ ಇರುವುದರಿಂದ 10 ಪಟ್ಟು ಹಿಗ್ಗಿಸುವ ಮಸೂರವಿಲ್ಲದೆ ಅದನ್ನು ಗುರುತಿಸುವುದು ಕಷ್ಟ. ಎಲೆ ಮೇಲಕ್ಕೆ ಮುದುರಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟವೆಂದು ಶಂಕಿಸಬೇಕಾಗಿತ್ತು. ನುಸಿಗಳು ಕೀಟಗಳಲ್ಲ, ಎಂಟು ಕಾಲಿನ ಜೇಡದ ಬಂಧುಗಳು. ಆದ್ದರಿಂದ ಸಸ್ಯಹೇನು, ಜಿಗಿಹುಳುಗಳಿಗೆಂದು ತಯಾರಾದ ಇಮಿಡಾಕ್ಲೋಪ್ರಿಡ್ ಅವುಗಳನ್ನು ಕೊಲ್ಲುವುದಿಲ್ಲ. ಅದನ್ನು ಬಳಸಿದ ಮೇಲೆ ಜೇಡ ನುಸಿ ಹೆಚ್ಚುವುದೂ ಉಂಟು.

ಉತ್ತರ (ಹುಣಸೂರು):
ನಮ್ಮ ಕಡೆ ಹೊಗೆಸೊಪ್ಪನ್ನು ರಾತ್ರಿ ನೆನೆಸಿ, ಸೋಸಿದ ನೀರನ್ನು ಸಿಂಪಡಿಸುವುದು ರೂಢಿ. ಖರ್ಚಿಲ್ಲದ ಉಪಾಯ, ಪ್ರಯತ್ನಿಸಬಹುದು.

ಉತ್ತರ (ಶ್ರೀರಂಗಪಟ್ಟಣ):
ಹುಣಸೂರಿನವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೆಣಸಿನಕಾಯಿ, ಬದನೆ, ಟೊಮೇಟೊ ಎಲ್ಲವೂ ಹೊಗೆಸೊಪ್ಪಿನ ಕುಟುಂಬದವೇ. ಕುದಿಸದೆ ಬರೀ ನೆನೆಸಿದ ನೀರಿನಲ್ಲಿ ಮೊಸಾಯಿಕ್ ರೋಗದ ನಂಜು (ವೈರಸ್) ಉಳಿದು ಸಸಿಗಳಿಗೆ ದಾಟಬಹುದು.

ಮೊದಲು ತೀರಾ ಮುದುರಿದ ಸಸಿಗಳನ್ನು ಕಿತ್ತು ಚೀಲಕ್ಕೆ ಹಾಕಿ ಕಟ್ಟಿ ಬಿಸಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬದನೆಯ ಟ್ರೇಯನ್ನು ಬೇರೆಡೆಗೆ ಸರಿಸಿ, ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ನೀರು ಚಿಮುಕಿಸಿದರೆ ಬಲೆಯೂ ನುಸಿಯೂ ಬಹುಪಾಲು ತೊಳೆದುಹೋಗುತ್ತವೆ. ಒಣ ಸೆಕೆ ಜೇಡ ನುಸಿಗೆ ಬಹಳ ಹಿತ. ಮೆಣಸಿಗೆ ಮಾತ್ರ ಇದು ಸಾಲದು, ಏಕೆಂದರೆ ಹಳದಿ ನುಸಿ ಚಿಗುರಿನ ಮಡಿಕೆಯೊಳಗೆ ಅಡಗಿರುತ್ತದೆ. ಅದಕ್ಕೆ ನೀರಿನಲ್ಲಿ ಬೆರೆಯುವ ಗಂಧಕವೇ ನನ್ನ ಮೊದಲ ಆಯ್ಕೆ. ದೊಡ್ಡ ಗಿಡಗಳಿಗೆ ಲೀಟರಿಗೆ 3 ಗ್ರಾಂ ಹೇಳುತ್ತಾರೆ. ಎಳೆಯ ಸಸಿಗಳಿಗೆ 2 ಗ್ರಾಂ ಬೆರೆಸಿ, ಮೊದಲು ಎರಡು ಮೂರು ಸಸಿಗಳ ಮೇಲೆ ನೋಡಿ, ಸಂಜೆ ಬಿಸಿಲು ಇಳಿದ ಮೇಲೆಯೇ ಸಿಂಪಡಿಸಿ, ಇಲ್ಲವಾದರೆ ಎಲೆ ಸುಡುತ್ತದೆ. ಸೌತೆ, ಹೀರೆಯ ಸಸಿಗಳು ಪಕ್ಕದಲ್ಲಿದ್ದರೆ ಅವುಗಳಿಗೆ ತಾಗಿಸಬೇಡಿ. ಸೆಕೆಯಲ್ಲಿ ಮೊಟ್ಟೆಯಿಂದ ಪ್ರೌಢ ನುಸಿಯಾಗಲು ವಾರವೂ ಬೇಡವಾದ್ದರಿಂದ ಒಂದೇ ಸಿಂಪಡಣೆಗೆ ನಿಲ್ಲಿಸಬಾರದು. ವಾರದೊಳಗೆ ಮತ್ತೊಮ್ಮೆ ಮಾಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಕಾಗದದ ಮೇಲೆ ಚುಕ್ಕೆಗಳು ಓಡಾಡಿದವು. ಮನೆಯಲ್ಲಿ ಬೇವಿನ ಎಣ್ಣೆಯಿದೆ, ಗಂಧಕದೊಂದಿಗೆ ಬೆರೆಸಬಹುದೇ?

ಉತ್ತರ (ಶ್ರೀರಂಗಪಟ್ಟಣ):
ಖಂಡಿತ ಬೇಡ. ಎಣ್ಣೆಗೂ ಗಂಧಕಕ್ಕೂ ನಡುವೆ ಕನಿಷ್ಠ ಎರಡು ವಾರದ ಅಂತರವಿರಲಿ. ಬದನೆಗೆ ಬೇವಿನ ಎಣ್ಣೆಯನ್ನು ಲೀಟರಿಗೆ 5 ಮಿಲಿಯಂತೆ, ಸ್ವಲ್ಪ ಸಾಬೂನು ದ್ರಾವಣ ಸೇರಿಸಿ ಪ್ರತ್ಯೇಕವಾಗಿ ಬಳಸಿ. ಮೆಣಸಿನ ಟ್ರೇಯ ಬಳಿ ಬಿಳಿನೊಣ ಹಾರುತ್ತಿದೆಯೇ ಎಂಬುದನ್ನೂ ಗಮನಿಸಿ. ಹಳದಿ ನುಸಿ ಅದರ ಕಾಲಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ. ಇದ್ದರೆ ಹಳದಿ ಅಂಟುಹಾಳೆಯೊಂದನ್ನು ಟ್ರೇಯ ಮಟ್ಟಕ್ಕೇ ತೂಗುಹಾಕಿ.