ಟಿ-ಡಿಎನ್‌ಎ ಕೂತ ಜಾಗದಲ್ಲಿ ಕ್ರೋಮೋಸೋಮ್ ತುಂಡು ಹಾರೋಗೋದು ಎಷ್ಟು ಸಲ? ಪಿಸಿಆರ್ ಬರದ 14 ಲೈನ್ ಲೆಕ್ಕದಿಂದ ಬಿಡ್ಲಾ?

ತೀರ್ಥಳ್ಳಿ_ಹುಡ್ಗಿ:
ನಮಸ್ಕಾರ ಎಲ್ರಿಗೂ. ಶಿವಮೊಗ್ಗದಲ್ಲಿ ಎಂಎಸ್ಸಿ ಬಯೋಟೆಕ್ ಕೊನೇ ಸೆಮ್. ಅರಾಬಿಡಾಪ್ಸಿಸ್ (ಲ್ಯಾಬಲ್ಲಿ ಬೆಳೆಸೋ ಸಾಸಿವೆ ಜಾತಿ ಪುಟ್ಟ ಗಿಡ) ಹೂವನ್ನ ಆಗ್ರೋಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾದಲ್ಲಿ ಅದ್ದಿ ಮಾಡಿದ 40 ಲೈನ್ (ಬೇರೆಬೇರೆ ಗಿಡದ ಸಂತತಿ) ಇದೆ, ಟಿ-ಡಿಎನ್‌ಎ (ಆ ಬ್ಯಾಕ್ಟೀರಿಯಾ ಗಿಡದೊಳಗೆ ಸೇರಿಸೋ ಡಿಎನ್‌ಎ ತುಂಡು) ಹೋಗಿ ಕೂತಲ್ಲಿ ಗಿಡದ ಸ್ವಂತ ಡಿಎನ್‌ಎ ಎಷ್ಟು ಸಲ, ಎಷ್ಟು ಉದ್ದ ಕಳ್ದೋಗಿದೆ ಅಂತ ನೋಡೋದು ನನ್ ಪ್ರಾಜೆಕ್ಟು. ಮೊದ್ಲು ಎಡ ಬಾರ್ಡರ್ (ಟಿ-ಡಿಎನ್‌ಎಯ ಎಡ ತುದಿ) ಕಡೆ ಜಾಗ ಹುಡುಕಿದ್ವಿ, ಆಮೇಲೆ ಅದ್ರ ಆಚೆ ಬದಿಗೆ ಪ್ರೈಮರ್ (ಡಿಎನ್‌ಎಗೆ ಹೋಗಿ ಅಂಟೋ ಚಿಕ್ಕ ತುಂಡು) ಮಾಡ್ಸಿ ಬಲ ಬಾರ್ಡರ್ ಜೊತೆ ಪಿಸಿಆರ್ (ಎರಡು ಪ್ರೈಮರ್ ನಡುವಿನ ಡಿಎನ್‌ಎ ನಕಲು ಮಾಡಿ ಬ್ಯಾಂಡ್, ಅಂದ್ರೆ ಗೆರೆಯಾಗಿ ನೋಡೋದು). 26ರಲ್ಲಿ ಎರಡೂ ಕಡೆ ಸಿಕ್ತು, ಹೋಗಿರೋದು ಜಾಸ್ತಿ ಅಂದ್ರೆ 40 ಬೇಸ್ (ಡಿಎನ್‌ಎ ಅಕ್ಷರ). ಉಳಿದ 14ರಲ್ಲಿ ಆಚೆ ಬದಿ ಬ್ಯಾಂಡೇ ಇಲ್ಲ, ಟೆಂಪರೇಚರ್ ಇಳ್ಸಿ ನೋಡ್ದೆ, ಹೊಸ ಡಿಎನ್‌ಎ ತೆಗ್ದೆ, ಊಹೂಂ. ಗೈಡು ಅವನ್ನ ಬಿಟ್ಟು 26ಕ್ಕೇ ಬರ್ದು ಮುಗ್ಸಿ ಅಂತಾರೆ, ಅಂದ್ರೆ "ದೊಡ್ಡ ಡಿಲೀಷನ್ (ಡಿಎನ್‌ಎ ಕಳ್ದೋಗೋದು) ಸೊನ್ನೆ" ಅಂತ ಬರಿಬೇಕಾಗುತ್ತೆ. ಯಾಕೋ ಮನಸ್ಸು ಒಪ್ತಿಲ್ಲ. ಹೊಸ ಲೈನ್ ಮಾಡೋಕೆ ಟೈಮಿಲ್ಲ, ಮಳೆ ಹಿಡಿದ್ಮೇಲೆ ಕರೆಂಟ್ ಹೋಗಿ ಹೋಗಿ ಗಿಡದ ರೂಮು ಬೇರೆ ಬೆವರ್ತಾ ಇದೆ. ನಾನೋಪೋರ್ (ಉದ್ದುದ್ದ ಡಿಎನ್‌ಎ ಓದೋ ವಿಧಾನ) ಮಾಡ್ಸೋಕೆ ದುಡ್ಡಂತೂ ಇಲ್ಲ. ಎಂತ ಮಾಡ್ಲಿ?

ಹಳೇ_ಲ್ಯಾಬು:
ಬಿಡ್ಬೇಡ ಮಾರಾಯ್ತಿ! ಮಳೇಲಿ ಎಷ್ಟು ಸಂಕ ಕೊಚ್ಕೊಂಡ್ ಹೋಯ್ತು ಅಂತ ಎಣಿಸೋಕೆ ಹೊರಟು, ದಾಟೋಕಾದ ಸಂಕ ಮಾತ್ರ ಎಣಿಸ್ದಂಗಾಗುತ್ತೆ. ನಿನ್ನ ಆಚೆ ಬದಿ ಪ್ರೈಮರ್ ಕೂರೋ ಜಾಗ ಅಲ್ಲಿ ಇದ್ರೆ ತಾನೆ ಬ್ಯಾಂಡ್ ಬರೋದು? ಆ ಜಾಗಾನೇ ಹಾರೋಗಿದ್ರೆ ಎಷ್ಟು ಪಿಸಿಆರ್ ಮಾಡಿದ್ರೂ ಅಷ್ಟೆ. ದೊಡ್ಡ ಡಿಲೀಷನ್ ಇದ್ರೆ ಅದು ಈ 14ರಲ್ಲೇ ಇರ್ಬೇಕು.

ಹಂಗಂತ 14ಕ್ಕೆ 14ನ್ನೂ ಡಿಲೀಷನ್ ಅಂತ ಬರೆದ್ಬಿಡ್ಬೇಡ. ಎರಡು ಟಿ-ಡಿಎನ್‌ಎ ಬೆನ್ನಿಗೆ ಬೆನ್ನು ಅಂಟ್ಕೊಂಡು ಒಂದೇ ಕಡೆ ಕೂರೋದು ತುಂಬಾ ಮಾಮೂಲಿ, ಆಗ ಎರಡೂ ತುದೀಲೂ ಎಡ ಬಾರ್ಡರೇ ಇರುತ್ತೆ, ಬಲದ ಪ್ರೈಮರ್‌ಗೆ ಏನೂ ಸಿಗಲ್ಲ. ಮೊದ್ಲು ಎಡ ಬಾರ್ಡರ್ ಪ್ರೈಮರನ್ನೇ ಆಚೆ ಬದಿಗೂ ಹಾಕಿ ನೋಡು, ಎರಡು ದಿನದ ಕೆಲಸ.

ಇನ್ನೊಂದು, 26ಕ್ಕೆ ಸೊನ್ನೆ ಅಂದ್ರೆ ಸೊನ್ನೆ ಅಲ್ಲ ಕಣೆ. ಒಂದೂ ಸಿಗದೇ ಇದ್ದಾಗ 3ನ್ನ ಒಟ್ಟು ಲೈನ್‌ನಿಂದ ಭಾಗಿಸ್ಬೇಕು, 95% ಭರವಸೇಲಿ ಹೇಳ್ಬಹುದಾದ ಮೇಲಿನ ಮಿತಿ ಹೆಚ್ಚುಕಮ್ಮಿ ಅದೇ. 3/26 ಅಂದ್ರೆ ನೂರಕ್ಕೆ 11-12. ಅಷ್ಟು ಇರ್ಬಹುದು ಅಂತಾದ್ರೆ ಸೊನ್ನೆ ಅಂತ ಯಾವ ಧೈರ್ಯದ ಮೇಲೆ ಬರೀತೀಯ.

ಗದ್ದೆ_ಬದು:
ನಾನು ಸಾಗರದ ಕಡೆ ಭತ್ತ ಬೆಳೆಯೋನು, ನಿಮ್ ಭಾಷೆ ಅರ್ಧ ಅರ್ಥ ಆಯ್ತು. ಕ್ರೋಮೋಸೋಮ್ ತುಂಡು ಹೋದ್ರೆ ಗಿಡಾನೇ ಸಾಯಲ್ವಾ? ಕಣ್ಣಿಗೆ ಕಾಣೋದು ಏನಾದ್ರೂ ಇರುತ್ತಾ?

ಸೂಕ್ಷ್ಮದರ್ಶಕ:
@ಗದ್ದೆ_ಬದು ಒಳ್ಳೇ ಪ್ರಶ್ನೆ ಅಣ್ಣಾ. ಗಿಡದಲ್ಲಿ ಪ್ರತಿ ಕ್ರೋಮೋಸೋಮೂ ಜೋಡಿ, ಒಂದರಲ್ಲಿ ತುಂಡು ಹೋದ್ರೂ ಇನ್ನೊಂದು ನಡೆಸ್ಕೊಂಡು ಹೋಗುತ್ತೆ, ಹಂಗಾಗಿ ಗಿಡ ಹಸಿರಾಗೇ ಇರುತ್ತೆ. ಆದ್ರೆ ಪರಾಗದಲ್ಲಿ ಇರೋದು ಒಂದೇ ಪ್ರತಿ. ಹೋದ ತುಂಡಲ್ಲಿ ಬೇಕಾದ ಜೀನ್ ಇದ್ರೆ ಆ ಕಾಳು ಸತ್ತೇ ಹೋಗುತ್ತೆ, ಅಂದ್ರೆ ಅರ್ಧ ಪರಾಗ ಸತ್ತಿರುತ್ತೆ. ಹೆಣ್ಣು ಕಡೆನೂ ಹಂಗೇ ಆದ್ರೆ ನಿಮ್ ಭತ್ತದಲ್ಲಿ ತೆನೆ ತುಂಬಾ ಜೊಳ್ಳು. ಜೊಳ್ಳಿಗೆ ಬೆಂಕಿರೋಗ, ಹೂವಾಡೋವಾಗಿನ ಚಳಿ ಅಂತ ನೂರು ಕಾರಣ ಇರೋದ್ರಿಂದ ಅದೊಂದನ್ನೇ ನಂಬೋಕಾಗಲ್ಲ.

@ತೀರ್ಥಳ್ಳಿ_ಹುಡ್ಗಿ ನಿಂಗೆ ಇದು ಅಗ್ಗದ ಪರೀಕ್ಷೆ. ಒಡೆಯೋಕೆ ಮುಂಚಿನ ಹೂವಿಂದ ಪರಾಗಕೋಶ ತೆಗ್ದು ಅಲೆಕ್ಸಾಂಡರ್ ಬಣ್ಣ ಹಾಕು, ಬದುಕಿರೋದು ಕೆಂಪು-ನೇರಳೆ, ಸತ್ತಿರೋದು ಬರೀ ಹಸಿರು ಸಿಪ್ಪೆ. ಮಾಮೂಲಿ ಗಿಡ ಪಕ್ಕದ ಕುಂಡದಲ್ಲೇ ಇರ್ಲಿ, ಕರೆಂಟ್ ಹೋಗಿ ರೂಮು ಬಿಸಿಯಾದ್ರೂ ಪರಾಗ ಸಾಯುತ್ತೆ.

ಅರ್ಧ ಸತ್ತಿದ್ರೆ ಡಿಲೀಷನ್ನೇ ಅಂತ ಹೇಳೋ ಹಂಗಿಲ್ಲ. ಎರಡು ಕ್ರೋಮೋಸೋಮ್ ತುಂಡು ಅದ್ಲುಬದ್ಲು ಆಗಿದ್ರೂ ಅರ್ಧವೇ ಸಾಯೋದು. 2010ರಲ್ಲಿ ಕ್ಲಾರ್ಕ್, ಕ್ರೈಸನ್ ಅನ್ನೋರು 64 ಲೈನ್ ನೋಡಿದ್ರು, 12ರಲ್ಲಿ ಅದ್ಲುಬದ್ಲು ಸಿಕ್ತು. ಇದನ್ನ ಬಿಡಿಸೋಕೆ ಕ್ವಾರ್ಟೆಟ್ ಮ್ಯುಟೆಂಟ್ ಚಂದ, ಅದ್ರಲ್ಲಿ ನಾಲ್ಕು ಪರಾಗ ಬಿಡಿಬಿಡಿ ಆಗ್ದೆ ಅಂಟ್ಕೊಂಡೇ ಇರುತ್ತೆ. ಡಿಲೀಷನ್ ಆದ್ರೆ ಪ್ರತಿ ಗೊಂಚಲಲ್ಲೂ ಎರಡು ಕೆಂಪು ಎರಡು ಹಸಿರು. ಅದ್ಲುಬದ್ಲಾದ್ರೆ ಕೆಲವು ಗೊಂಚಲಲ್ಲಿ ನಾಲ್ಕೂ ಕೆಂಪು, ಕೆಲವಲ್ಲಿ ನಾಲ್ಕೂ ಹಸಿರು, ನಡುವೆ ಎರಡೆರಡೂ ಇರುತ್ತೆ. ಕ್ರಾಸ್ ಮಾಡಿ ಎರಡು ತಲೆಮಾರು ಬೇಕು, ನಿನ್ ಸೆಮ್ ಮುಗ್ದಿರುತ್ತೆ ಅನ್ನೋದೇ ಕಷ್ಟ.

ಹಳೇ_ಲ್ಯಾಬು:
ಪರಾಗ ಚೆನ್ನಾಗಿದ್ರೂ ಡಿಲೀಷನ್ ಇಲ್ಲ ಅನ್ನೋ ಹಂಗಿಲ್ಲ. 2000ನೇ ಇಸವೀಲೇ ಟಿ-ಡಿಎನ್‌ಎ ಜೊತೆ ಸುಮಾರು 75 ಸಾವಿರ ಬೇಸ್ ಹೋಗಿರೋ ಅರಾಬಿಡಾಪ್ಸಿಸ್ ವರದಿ ಆಗಿದೆ, ಎರಡೂ ಪ್ರತಿ ಹೋದ್ರೂ ಗಿಡ ಬದುಕಿತ್ತು. ದುಡ್ಡಿಲ್ದೆ ಇದನ್ನ ಹಿಡಿಯೋ ದಾರಿ ಲ್ಯಾಂಡ್ಸ್‌ಬರ್ಗ್ ತಳಿ ಜೊತೆ ಕ್ರಾಸು. ನಿನ್ನವು ಕೊಲಂಬಿಯಾ ತಳಿ ತಾನೆ? ನಿನ್ ಗಿಡ ತಾಯಿ ಆಗ್ಲಿ, ಯಾಕಂದ್ರೆ ಡಿಲೀಷನ್ ಇರೋ ಪರಾಗ ದಾಟ್ದೇ ಇರ್ಬಹುದು. ಹುಟ್ಟಿದ ಸಸೀಲಿ ಟಿ-ಡಿಎನ್‌ಎ ಇರೋವನ್ನ ಆರಿಸಿ, ಆ ಜಾಗದ ಅಕ್ಕಪಕ್ಕ ಎರಡು ತಳಿಗೂ ಬ್ಯಾಂಡ್ ಉದ್ದ ಬೇರೆ ಇರೋ ಮಾರ್ಕರ್ ನೋಡು. ಎರಡು ಗೆರೆ ಬಂದ್ರೆ ಜಾಗ ಇದೆ, ಲ್ಯಾಂಡ್ಸ್‌ಬರ್ಗ್ ಗೆರೆ ಒಂದೇ ಬಂದ್ರೆ ಕೊಲಂಬಿಯಾ ತುಂಡು ಕಾಣೆ.

ಮತ್ತೆ ಕನಾಮೈಸಿನ್ (ಟಿ-ಡಿಎನ್‌ಎ ಇಲ್ಲದ ಸಸಿ ಸಾಯಿಸೋ ಔಷಧಿ) ತಟ್ಟೆ ಲೆಕ್ಕ ಹಳೇ ನೋಟ್‌ಬುಕ್ಕಲ್ಲಿ ಇರ್ಬೇಕಲ್ಲ? ಬದುಕಿದ್ದಕ್ಕೆ ಸತ್ತಿದ್ದು 3:1 ಬರೋ ಕಡೆ 1:1 ಬಂದಿರೋ ಲೈನ್ ಇದ್ರೆ ಗಂಡು ಕಡೆಯಿಂದ ದಾಟ್ತಿಲ್ಲ ಅಂತ ಅನುಮಾನ ಪಡು.

ಪ್ರಬಂಧದಲ್ಲಿ ಇದನ್ನೂ ಬರಿ: ಹೂ ಅದ್ದೋ ವಿಧಾನದಲ್ಲಿ ಟಿ-ಡಿಎನ್‌ಎ ಹೋಗೋದೇ ಅಂಡಕ್ಕೆ, ಅಂಡನೇ ಸಾಯೋ ಥರದ ಡಿಲೀಷನ್ ಆದ್ರೆ ಬೀಜಾನೇ ಹುಟ್ಟಲ್ಲ, ನಿನ್ ಕೈಗೆ ಬರೋದೇ ಇಲ್ಲ. ಭತ್ತದಲ್ಲಿ ಕ್ಯಾಲಸ್‌ನಿಂದ (ಲ್ಯಾಬಲ್ಲಿ ಬೆಳೆಸೋ ಜೀವಕೋಶದ ಮುದ್ದೆ) ಮಾಡ್ತಾರಲ್ಲ, ಅಲ್ಲಿ ಮೊದಲ ತಲೆಮಾರಲ್ಲಿ ಅಂಥದ್ದೂ ಉಳ್ಕೊಂಡಿರುತ್ತೆ.

ಗದ್ದೆ_ಬದು:
ಹಂಗಾದ್ರೆ ಒಂದಿಷ್ಟು ಬೀಜ ಕೊಡಿ, ಮನೆ ಹಿತ್ಲಲ್ಲಿ ನೋಡೋಣ 😀

ಸೂಕ್ಷ್ಮದರ್ಶಕ:
ಅಯ್ಯೋ ಬೇಡ ಅಣ್ಣ, ಕುಲಾಂತರಿ ಬೀಜ ಅನುಮತಿ ಇಲ್ದೆ ಲ್ಯಾಬ್ ದಾಟೋ ಹಂಗಿಲ್ಲ, 1989ರ ನಿಯಮ ಇದೆ.

ತೀರ್ಥಳ್ಳಿ_ಹುಡ್ಗಿ:
ಎಡ ಪ್ರೈಮರ್ ಎರಡೂ ಕಡೆ ಹಾಕ್ದೆ, 14ರಲ್ಲಿ 9ಕ್ಕೆ ಬ್ಯಾಂಡ್ ಬಂತು!! ಉಳಿದ 5ರಲ್ಲಿ ಎರಡರ ತಟ್ಟೆ ಲೆಕ್ಕ 1:1ರ ಹತ್ರ ಇದೆ, ಹೋದ ವರ್ಷ ನಮ್ ಸೀನಿಯರ್ ಪಕ್ಕದಲ್ಲಿ ಪೆನ್ಸಿಲಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ನಾಗಿದಾರೆ. ಗೈಡ್‌ಗೆ ತೋರಿಸ್ದೆ, 5 ಲೈನನ್ನ "ಗೊತ್ತಾಗಿಲ್ಲ" ಅಂತಾದ್ರೂ ಟೇಬಲಲ್ಲಿ ಇಡೋಕೆ ಒಪ್ಪಿದ್ರು. ಅಲೆಕ್ಸಾಂಡರ್ ಬಣ್ಣ ನಮ್ ಲ್ಯಾಬಲ್ಲಿಲ್ಲ, ಅದಕ್ಕೆ ಬೇಕಾದ ಮ್ಯಾಲಕೈಟ್ ಗ್ರೀನ್ ಇದೆ, ಆಸಿಡ್ ಫುಕ್ಸಿನ್ ಖಾಲಿ. ಶಿವಮೊಗ್ಗದಲ್ಲಿ ಯಾರ ಹತ್ರನಾದ್ರೂ ಒಂದೆರಡು ಗ್ರಾಂ ಇದ್ರೆ ಹೇಳಿ, ನಾನೇ ಬಂದು ತಗೊಂಡ್ ಹೋಗ್ತೀನಿ.